ನಿಂಬೆಯ ಬುಡ

"ಎಲೆ ತೊಳೆದುಬಿಟ್ಟಿದ್ದೀರಲ್ಲಮ್ಮ," ಎಂದರು ಗಿಡದ ಡಾಕ್ಟರು.

ಕಿಟಕಿಯ ಬೆಳಕಿಗೆ ಹಿಡಿದ ನಿಂಬೆ ಎಲೆ ಹಳದಿಗಟ್ಟಿತ್ತು. ಆದರೂ ಈಗಷ್ಟೇ ಸ್ನಾನ ಮುಗಿಸಿ ಬಂದಂತೆ ಹೊಳೆಯುತ್ತಿತ್ತು.

"ಡಾಕ್ಟರ ಮುಂದೆ ಕೊಳೆ ತಂದಿಡೋಕಾಗುತ್ತಾ?"

"ಹುಳದ ಮೊಟ್ಟೆ, ಬೂಷ್ಟು ಏನಿದ್ರೂ ನಲ್ಲಿ ನೀರಲ್ಲಿ ಹೋಯ್ತು. ಕಳ್ಳನ ಹೆಜ್ಜೆ ಒರೆಸಿ ಪೊಲೀಸರನ್ನ ಕರೆದ ಹಾಗೆ."

ಬೆಳಗಿನಿಂದ ಎಷ್ಟು ಜನಕ್ಕೆ ಇದನ್ನೇ ಹೇಳಿದ್ದರೋ, ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಮೇಜಿನ ತುಂಬ ಪ್ಲಾಸ್ಟಿಕ್ ಚೀಲಗಳಲ್ಲಿ ಬೆವೆತ ಟೊಮೆಟೊ ಎಲೆ, ಕೊಳೆತ ಬದನೆಕಾಯಿ. ಹೊರಗೆ ಸಾಲು ಇನ್ನೂ ಕರಗಿರಲಿಲ್ಲ.

"ಹುಳ ಅಲ್ಲ ಡಾಕ್ಟ್ರೇ, ವಿಷ," ಎಂದಳು ಅವಳು. "ಗೋಡೆ ಆಚೆಗೆ ನಮ್ಮ ಓರಗಿತ್ತಿ ಮನೆ. ರಾತ್ರಿ ಹೊತ್ತು ಬ್ಲೀಚಿಂಗ್ ನೀರು ಸುರೀತಾಳೆ. ನೀವು ಒಂದು ಮಾತು ಫೋನಲ್ಲಿ ನಮ್ಮ ಯಜಮಾನ್ರಿಗೆ ಹೇಳಿ, ಸಾಕು."

ಈ ವಿಷದ ಮಾತನ್ನು ಅವಳು ಮೈದುನನ ಮಗುವಿನ ಹುಟ್ಟುಹಬ್ಬದಲ್ಲಿ, ನೆಂಟರೆಲ್ಲರ ಎದುರಿಗೇ ಆಡಿದ್ದಳು. "ನಾನಲ್ಲ ಅಕ್ಕ," ಎಂದಷ್ಟೇ ಹೇಳಿ ಓರಗಿತ್ತಿ ಒಳಗೆ ಹೋಗಿದ್ದಳು. ಅಂದಿನಿಂದ ಗಿಡದ ಕಡೆಗಿನ ಆ ಮನೆಯ ಕಿಟಕಿ ತೆರೆದಿರಲಿಲ್ಲ.

"ಇಡೀ ಗಿಡ ಒಟ್ಟಿಗೇ ಬಾಡ್ತಾ?"

"ಇಲ್ಲ. ಮೊದಲು ಒಂದು ಕೊಂಬೆ. ಆಮೇಲೆ ಪಕ್ಕದ್ದು."

"ಬುಡದಲ್ಲಿ ಮರದ ಪುಡಿ ಬೀಳುತ್ತಾ?"

"ಬೀಳುತ್ತೆ. ಅವಳ ಮನೇಲಿ ಬಡಗಿ ಕೆಲಸ ನಡೀತಿತ್ತಲ್ಲ, ಅಲ್ಲಿಂದ ಹಾರಿ ಬರುತ್ತೆ. ಅದನ್ನೂ ನಾನೇ ದಿನಾ ಗುಡಿಸಬೇಕು."

"ಬಡಗಿ ಈಗಲೂ ಬರ್ತಾನಾ?"

ಅವಳು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು. ಬಡಗಿ ಕೆಲಸ ಮುಗಿಸಿ ಹೋಗಿ ಎಷ್ಟೋ ದಿನವಾಗಿತ್ತು.

"ಕಾಂಡ ಕೊರೆಯೋ ಹುಳ ಇರಬೇಕಮ್ಮ. ಬ್ಲೀಚಿಂಗಿಗೆ ಪುಡಿ ಬೀಳಲ್ಲ. ನಾಳೆ ಗುಡಿಸೋ ಮುಂಚೆ ನೋಡಿ. ತೂತಿಗೆ ತಂತಿ ತೂರಿಸಿ, ಸೀಮೆಎಣ್ಣೆ ಹತ್ತಿ ತುರುಕಿ, ಮಣ್ಣು ಮೆತ್ತಿ." ಅವರು ಮುಂದಿನ ಚೀಲಕ್ಕೆ ಕೈ ಚಾಚಿದರು.

ಮನೆಯಲ್ಲಿ ಗಂಡ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ, "ಏನಂದ್ರು ನಿನ್ನ ಡಾಕ್ಟ್ರು?"

"ಹುಳ ಅಂತೆ."

"ಹಂಗಾದ್ರೆ ಅವಳಿಗೆ ಹೇಳಿಬಿಡು."

"ಹೇಳೋಕೆ ಬಾಯಿ ಬರಬೇಕಲ್ಲ."

"ಅವತ್ತು ಚೆನ್ನಾಗಿ ಬಂದಿತ್ತು," ಎಂದ ಅವನು.

ಬೆಳಿಗ್ಗೆ ಅವಳು ಗಿಡದ ಬುಡದಲ್ಲಿ ಮಂಡಿಯೂರಿದಳು. ಹೊಸ ಪುಡಿ ಒದ್ದೆಯಾಗಿ ಗುಪ್ಪೆಗಟ್ಟಿತ್ತು. ಅದರ ಮೇಲೆಯೇ, ಅವಳ ಅಂಗಳದ ಕಡೆಯ ತೊಗಟೆಯಲ್ಲಿ, ಪೆನ್ಸಿಲ್ ತೂರುವಷ್ಟು ತೂತು. ಒಳಗೆ ತೂರಿಸಿದ ತಂತಿಯ ತುದಿಗೆ ಬೆಳ್ಳಗೆ ಮೆತ್ತಗಿನದೇನೋ ಅಂಟಿಕೊಂಡು ಬಂತು. ಹತ್ತಿ ತುರುಕಿ ಮಣ್ಣು ಮೆತ್ತಿದಳು. ಬೆರಳಿನ ಗುರುತು ಮಣ್ಣಿನ ಮೇಲೆ ಉಳಿಯಿತು.

ಪೊರಕೆ ತಂದು ಅಂಗಳವನ್ನೆಲ್ಲ ಗುಡಿಸಿದಳು. ಗಿಡದ ಬುಡಕ್ಕೆ ಬಂದಾಗ ಕೈ ನಿಂತಿತು. ಮೋಟು ಗೋಡೆಯ ಆಚೆ, ಓರಗಿತ್ತಿ ಆ ಮುಚ್ಚಿದ ಕಿಟಕಿ ತೆರೆದು ನೋಡಿದರೆ ಆ ಗುಪ್ಪೆ ನೇರ ಕಣ್ಣಿಗೆ ಬೀಳುವಂತಿತ್ತು. ಅದಕ್ಕೆ ಅಡ್ಡವಾಗಿದ್ದ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ಅವಳು ಒಳಗೆ ಹೋದಳು.

ಗಾಳಿ ಇರಲಿಲ್ಲ. ಗುಡಿಸಿದ ಅಂಗಳದಲ್ಲಿ ಒಂದು ಹಿಡಿ ಪುಡಿ ಹಾಗೆಯೇ ಇತ್ತು.