ಅಕ್ಕಯ್ಯಮ್ಮನಿಗಿಲ್ಲದ ಹಲ್ಲು

ನೆನೆದ ಅವರೆಕಾಳು ಹಿದುಕುತ್ತಿದ್ದ ಇಂದ್ರಾಣಿ ನಡುವೆ ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಂಡು ಬಲಗಡೆಯಷ್ಟೇ ಅಗಿದಳು. ಎಡಗಡೆಯ ಮೇಲಿನ ದವಡೆಹಲ್ಲು ದೀಪಾವಳಿಯಿಂದ ನೋಯುತ್ತಿತ್ತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಚಿಕ್ಕಂದಿನಿಂದ ಕೇಳಿದ್ದಳು. ಹಲ್ಲಿನ ಡಾಕ್ಟರಿಕೆ ಓದುತ್ತಿರುವ ಮಗಳ ಮುಂದೆ ಈ ಭಯ ಹೇಳಿಕೊಳ್ಳುವುದಕ್ಕಿಂತ ಒಂದೇ ಕಡೆ ಅಗಿಯುವುದು ಸುಲಭವಾಗಿತ್ತು.

"ಅಮ್ಮ, ಇವಾಗ ನೀನು ಪೇಶೆಂಟು," ಎಂದು ಲಿಖಿತ ಎದುರಿಗೆ ಕುರ್ಚಿ ಎಳೆದುಕೊಂಡಳು.

ಕಾಲೇಜಿನಲ್ಲಿ ಈಗ ಪಾಠ ಕೇಳಿದರಷ್ಟೇ ಸಾಲದಂತೆ. ಹುಡುಗರೇ ಡಾಕ್ಟರು, ಹುಡುಗರೇ ರೋಗಿಗಳು. ರೋಗಿಯಾದವರು ಡಾಕ್ಟರಿಗೆ ಅಂಕ ಕೊಡಬೇಕು. ಹೋದ ವಾರ ಲಿಖಿತಳ ರೋಗಿಯಾಗಿದ್ದ ಗೆಳತಿ ಕವಿತ, ಅವಳ ಬೈಗುಳ ತಾಳಲಾರದೆ ಎದ್ದೇ ಹೋಗಿದ್ದಳು. ಸೋಮವಾರ ನಿಜವಾದ ರೋಗಿಗಳು ಬರುವವರಿದ್ದರು.

"ಯಾರಾಗ್ಲಿ?"

"ಯಾರಾದ್ರೂ ಆಗು. ಮೊಂಡು ಇರ್ಬೇಕು."

ಇಂದ್ರಾಣಿ ತಲೆಗೆ ಸೆರಗು ಹೊದ್ದು, ಇಲ್ಲದ ಎಲೆಯಡಿಕೆಯನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡು, ಪಕ್ಕದ ಮನೆಯ ಅಕ್ಕಯ್ಯಮ್ಮನಾದಳು.

"ಡಾಕ್ಟ್ರಮ್ಮ, ಎಡಗಡೆ ಮ್ಯಾಲಿನ ಅಲ್ಲು ಜಿವ್ವಂತೈತೆ. ಲವಂಗ ಇಟ್ಟೆ, ಕಡ್ಡಿಪುಡಿ ಇಟ್ಟೆ, ನೋವು ಬಗ್ತಾ ಇಲ್ಲ."

"ಕಡ್ಡಿಪುಡೀನಾ? ಬುದ್ಧಿ..." ಲಿಖಿತ ನಾಲಿಗೆ ಕಚ್ಚಿಕೊಂಡಳು.

"ಎದ್ದೋಗ್ಲಾ?"

"ಅಯ್ಯೋ, ಕೂತ್ಕೊಳ್ಳಿ ಅಜ್ಜಿ. ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?"

ಇಂದ್ರಾಣಿ ಬಟ್ಟಲಿನತ್ತ ನೋಡದೆಯೇ ಇನ್ನೊಂದು ಕಾಳು ಹಿದುಕಿದಳು. "ಮ್ಯಾಲಿನ ಅಲ್ಲು ಕಿತ್ರೆ ಕಣ್ಣು ಓಗ್ತದಲ್ಲಮ್ಮ. ಆಮೇಲೆ ಡೈರಿಗೆ ಆಲು ಯಾರು ಆಕ್ತಾರೆ?"

ಲಿಖಿತ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು. "ಆ ಭಯ ಇಟ್ಕೊಂಡು ಬಂದಿದ್ದೇ ದೊಡ್ಡದು, ಅಜ್ಜಿ. ಹಲ್ಲಿನ ನರ ಬೇರೆ, ನೋಡೋ ನರ ಬೇರೆ. ನೋವಿರೋ ಹಲ್ಲನ್ನೆಲ್ಲಾ ಕೀಳೋದೂ ಇಲ್ಲ, ಉಳಿಸೋಕಾಗುತ್ತಾ ಅಂತ ಮೊದ್ಲು ನೋಡ್ತೀವಿ. ಇವಾಗ ನಾನು ಹೇಳಿದ್ದನ್ನ ನೀವು ನಂಗೆ ಹೇಳಿ. ಹಂಗೆ ಹೇಳಿಸ್ಬೇಕು ಅಂದಿದ್ದಾರೆ ನಮ್ ಸರ್."

"ಅಲ್ಲಿನ ನರ ಬ್ಯಾರೆ," ಇಂದ್ರಾಣಿ ನಿಧಾನವಾಗಿ ಒಪ್ಪಿಸಿದಳು. "ನೋಡೋ ನರ ಬ್ಯಾರೆ..."

"ಯಾರ್ಲೇ ಅದು, ನನ್ ತರ ಮಾತಾಡ್ತಿರೋದು?"

ಹೆಪ್ಪಿಗೆಂದು ಲೋಟ ಹಿಡಿದು ಬಂದಿದ್ದ ಅಕ್ಕಯ್ಯಮ್ಮ ಬಾಗಿಲಲ್ಲಿ ನಿಂತಿದ್ದಳು. ವಿಷಯ ಕೇಳಿ ಬೋಳು ವಸಡು ತೋರಿಸಿ ನಕ್ಕಳು. "ನಂಗೆ ಮ್ಯಾಲೆ ಒಂದಲ್ಲೂ ಇಲ್ವಲ್ಲೇ! ಎಲ್ಲಾ ಕೀಳಿಸಿ ಯಾವ ಕಾಲ ಆಯ್ತು. ನೋವೆಲ್ಲಿಂದ ತಂದ್ಯೇ?"

"ಕಣ್ಣು?" ಇಂದ್ರಾಣಿಯ ಬಾಯಿಂದ ಬಂದೇಬಿಟ್ಟಿತು.

"ಕಣ್ಣಿಗೇನ್ ರೋಗ? ಇಲ್ಲಿಂದ್ಲೇ ಕಾಣ್ತೈತೆ, ಸಿಪ್ಪೆನೆಲ್ಲಾ ಬೇಳೆ ಬಟ್ಲಿಗೆ ಆಕ್ತಿದೀಯ."

ಹೌದು, ಬೇಳೆಯ ತುಂಬ ಸಿಪ್ಪೆ.

ಲಿಖಿತ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿಗೆ ಇಲ್ದಿರೋ ಹಲ್ಲಿಗೆ ನೋವು ಕೊಟ್ಟಿದ್ದೀಯಲ್ಲಮ್ಮ! ಆದ್ರೂ ಎಂಥಾ ಆಕ್ಟಿಂಗು! ನಂಗೆಷ್ಟು ಮಾರ್ಕು?"

"ಮಂಗಳವಾರ ಹೇಳ್ತೀನಿ."

"ಅದ್ಯಾಕೆ ಮಂಗಳವಾರ?"

ಇಂದ್ರಾಣಿ ತಲೆ ತಗ್ಗಿಸಿ ಬೇಳೆಯಿಂದ ಸಿಪ್ಪೆ ಆರಿಸತೊಡಗಿದಳು. ಸೋಮವಾರ ಡೈರಿಗೆ ಹಾಲು ಹಾಕಿದ ಮೇಲೆ ಮನೆಗೆ ಬರುವುದು ಬೇಡ. ಕ್ಯಾನನ್ನು ಅಲ್ಲೇ ಇಟ್ಟು, ಬಂಗಾರಪೇಟೆ ಬಸ್ಸು ಹತ್ತಿ, ಅಲ್ಲಿನ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವುದು.