ಕೂಸಿನ ಪಟ್ಟಾ

ಜೇವರ್ಗಿಯಿಂದ ಸುದ್ದಿ ಬಂದಾಗಿನಿಂದ ಗುರುಬಾಯಿಗೆ ಅನ್ನ ರುಚಿಸುತ್ತಿರಲಿಲ್ಲ. ನಾದಿನಿ ಗಂಗಾಬಾಯಿ ಹೊಟ್ಟೆಯ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಳು. ಮಗಳನ್ನು ನೋಡಲು ಅತ್ತೆ ಸುಭದ್ರಾಬಾಯಿ ಹೊರಡಲೇಬೇಕು. ಮಂಡಿನೋವಿನ ಅತ್ತೆಯ ಜೊತೆ, ಅಲ್ಲಿನ ಅಡುಗೆ ಆರೈಕೆಗೆ ಗುರುಬಾಯಿಯೂ ಹೋಗಬೇಕು. ಇನ್ನೂ ಎದೆಹಾಲು ಬಿಡದ ಮಗಳು ನೀಲಾಳನ್ನು ಬಿಟ್ಟು ಹೋಗುವಂತಿಲ್ಲ. ಮಾದನಹಿಪ್ಪರಗಾದಿಂದ ಬಸ್ಸು ಬದಲಿಸುತ್ತ ಅಷ್ಟು ದೂರ ಹೋಗುವುದು ಅತ್ತೆಯ ಕೈಲಾಗದು. ಗಂಡ ಜಗದೇವಪ್ಪ ಆಳಂದಕ್ಕೆ ಹೋಗಿ ಶರಫುದ್ದೀನನ ಅಂಬಾಸಿಡರ್ ಗೊತ್ತುಮಾಡಿ ಬಂದ.

ಗಾಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸುಭದ್ರಾಬಾಯಿ ತೊಗರಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಒಳಗೆ ಎದ್ದು ಹೋದಳು.

ಅದು ಎಂಬತ್ತೊಂಬತ್ತರ ಬೇಸಿಗೆ. ಅದಕ್ಕೂ ನಾಲ್ಕು ವರ್ಷ ಹಿಂದೆ ಮನೆಯವರೆಲ್ಲ ಬಾಡಿಗೆ ಜೀಪಿನಲ್ಲಿ ಗುರುಬಾಯಿಯ ತವರು ಅಫಜಲಪುರಕ್ಕೆ ಹೊರಟಿದ್ದರು. ಚೌಡಾಪುರ ದಾಟುವಾಗ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಅಜ್ಜಿಯ ತೊಡೆಯ ಮೇಲಿದ್ದ ಮೊದಲ ಮಗ ಚಂದ್ರಶಾ ಮುಂದಿನ ಕಬ್ಬಿಣದ ಸರಳಿಗೆ ಹೋಗಿ ಬಡಿದ. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಕೂಸು ತಣ್ಣಗಾಗಿತ್ತು. ಉಳಿದವರಿಗೆ ತರಚಿದ ಗಾಯವಷ್ಟೇ.

ಗುರುಬಾಯಿ ಅತ್ತೆಗೆ ಅಂದೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಆದರೆ ನೀಲಾ ಹುಟ್ಟಿದ ಮೇಲೆ, ಎತ್ತಿನ ಬಂಡಿಯಲ್ಲಿ ಹೊಲಕ್ಕೆ ಹೋಗುವಾಗಲೂ ಕೂಸನ್ನು ತನ್ನ ತೊಡೆಯಿಂದ ಇಳಿಸುತ್ತಿರಲಿಲ್ಲ. ಅತ್ತೆ ಕೈ ಚಾಚುತ್ತಲೂ ಇರಲಿಲ್ಲ. ಬಾಯಿಬಿಟ್ಟು ಅಂದಿದ್ದರೆ ಎಂದೋ ಮುಗಿದುಹೋಗುತ್ತಿದ್ದ ಮಾತು, ಅನ್ನದೆ ಉಳಿದು ಮನೆಯೊಳಗೆ ಹೊಗೆಯಂತೆ ಕೂತಿತ್ತು.

"ಕೂಸಿಗೆ ಕಟ್ಟಾಕ ಏನಾರ ಸಿಗೂತನಕ ನಾ ಗಾಡಿ ಹತ್ತಂಗಿಲ್ಲ," ಎಂದಳು ಗುರುಬಾಯಿ ಗಂಡನಿಗೆ.

ಜಗದೇವಪ್ಪ ಆಳಂದದ ಮೋಚಿಯಿಂದ ಸೊಂಟಕ್ಕೆ ಕಟ್ಟುವ ಅಗಲವಾದ ತೊಗಲಿನ ಪಟ್ಟಾ ಹೊಲಿಸಿ ತಂದ. ಹೊರಡುವ ಹಿಂದಿನ ದಿನ ಶರಫುದ್ದೀನ ಗಾಡಿ ತೋರಿಸಲು ಬಂದಾಗ ಅವನೂ ಒಂದನ್ನು ತಂದಿದ್ದ. ಅವನು ಕೆಲ ವರ್ಷ ಸೌದಿಯಲ್ಲಿ ಒಬ್ಬ ಸೇಠನ ಗಾಡಿ ಓಡಿಸಿದವನು. ಭುಜದ ಮೇಲಿಂದ ಎರಡು, ಸೊಂಟಕ್ಕೊಂದು, ಕಾಲ ನಡುವಿನಿಂದ ಒಂದು, ಹೀಗೆ ದಪ್ಪ ನೈಲಾನಿನ ಪಟ್ಟಿಗಳಿದ್ದ ಆ ಪಟ್ಟಾ ಬಿಚ್ಚಿ ಸುತ್ತಿದರೆ ಕೈಚೀಲದೊಳಗೆ ಕೂರುತ್ತಿತ್ತು.

"ಸೇಠನ ಮಕ್ಕಳು ದೊಡ್ಡವರಾದ್ರು, ನನಗ ಕೊಟ್ರು. ಯಾವ ಗಾಡಿಗೆ ಬೇಕಾದ್ರೂ ಬಿಚ್ಚಿ ಕಟ್ಟಬಹುದ್ರಿ," ಎಂದ ಶರಫುದ್ದೀನ. "ಆದ್ರ ಈ ಗಾಡಿಗೆ ಹೆಂಗ ಕೂಡ್ತದೋ ನನಗೂ ಖಾತ್ರಿ ಇಲ್ಲ. ಕಟ್ಟಿ ನೋಡೋಣು."

ಬಾಗಿಲಲ್ಲಿ ನಿಂತಿದ್ದ ಸುಭದ್ರಾಬಾಯಿಯ ಮುಖ ಬಿಳಿಚಿಕೊಂಡಿತು.

"ಆಕಳ ಕರಕ್ಕ ಕಟ್ಟಿದಂಗ ಕೂಸಿಗಿ ಕಟ್ತೀರೇನು? ಮುದುಕಿ ಕೈಯಾಗ ತಾಕತ್ತಿಲ್ಲ ಅಂತ ಬಾಯಿಬಿಟ್ಟು ಅಂದುಬಿಡ್ರಿ. ನಾಕು ವರ್ಷದಿಂದ ಅದನ್ನ ಕಾಯಾಕತ್ತೇನಿ."

"ಅತ್ತೀ, ಹಂಗಲ್ಲರಿ," ಎಂದಳು ಗುರುಬಾಯಿ. ಆದರೆ ತನ್ನ ಮನಸ್ಸಿನಲ್ಲಿದ್ದುದು ಅದೇ ಎಂಬುದು ಅವಳಿಗೂ ಗೊತ್ತಿತ್ತು.

ಸುಭದ್ರಾಬಾಯಿ ಒಳಗೆ ಹೋಗಿ ಜೋಳ ತುಂಬಿದ ಚೀಲವೊಂದನ್ನು ಎಳೆದು ತಂದಳು. ಹೆಚ್ಚುಕಡಿಮೆ ನೀಲಾಳಷ್ಟೇ ಭಾರ. ನೆಟ್ಟಗೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು.

"ಶರಫುದ್ದೀನಾ, ಹೊಡಿ ಗಾಡಿ. ಊರ ಹೊರಗ ಒಯ್ದು ಬ್ರೇಕ್ ಒತ್ತು. ನನ್ನ ಕೈ ಏನ್ ಮಾಡ್ತಾವ ಎಲ್ಲಾರೂ ನೋಡ್ರಿ."

"ಯವ್ವಾ, ಹುಚ್ಚು ಹಿಡದದ ಏನ್ ನಿನಗ? ಇಳಿ!" ಎಂದ ಜಗದೇವಪ್ಪ. ಅವಳು ಇಳಿಯಲಿಲ್ಲ. ಕೊನೆಗೆ ಅವನು ಮುಂದೆ ಕೂತ. ಕೂಸನ್ನು ನೆರೆಮನೆಯ ಮಲ್ಕಮ್ಮನ ಕೈಗೆ ಕೊಟ್ಟು ಗುರುಬಾಯಿ ಅತ್ತೆಯ ಪಕ್ಕ ಕೂತಳು.

ಊರ ಹೊರಗಿನ ಕಚ್ಚಾ ದಾರಿಯಲ್ಲಿ ಶರಫುದ್ದೀನ ಗಾಡಿಯನ್ನು ತುಸು ಜೋರಾಗಿಯೇ ಬಿಟ್ಟ. ಸುಭದ್ರಾಬಾಯಿ ಎರಡೂ ತೋಳುಗಳಿಂದ ಚೀಲವನ್ನು ಎದೆಗೆ ಅವಚಿ, ಹಲ್ಲು ಕಚ್ಚಿ, ಕಾಲು ಊರಿ ಕೂತಿದ್ದಳು. ಕೈಯ ನರಗಳು ಹಗ್ಗದಂತೆ ಉಬ್ಬಿದ್ದವು.

"ಒತ್ತಲೇನ್ರಿ, ಅಮ್ಮಾ?"

"ಒತ್ತು."

ಗಾಡಿ ಗಕ್ಕನೆ ನಿಂತಿತು. ಗುರುಬಾಯಿ ಮುಂದಿನ ಸೀಟಿಗೆ ಕೈಕೊಟ್ಟು ಹೇಗೋ ತಡೆದುಕೊಂಡಳು. ಪಕ್ಕಕ್ಕೆ ತಿರುಗಿದರೆ ಅತ್ತೆಯ ತೋಳುಗಳಲ್ಲಿ ಏನೂ ಇರಲಿಲ್ಲ. ಚೀಲ ಮುಂದಿನ ಸೀಟಿನ ಬೆನ್ನಿಗೆ ಬಡಿದು, ಕಾಲ ಬುಡದಲ್ಲಿ ಬಾಯಿ ಬಿಚ್ಚಿ ಬಿದ್ದಿತ್ತು. ಜೋಳವೆಲ್ಲ ಗಾಡಿಯ ತುಂಬ ಚೆಲ್ಲಾಡಿತ್ತು.

ಸುಭದ್ರಾಬಾಯಿ ತನ್ನ ಬರಿಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಗಟ್ಟಿ ಹಿಡದಿದ್ದೆ," ಎಂದಳು ಸಣ್ಣ ದನಿಯಲ್ಲಿ. "ಗುರುಬಾಯಿ, ನೀ ನೋಡಿದಿ ಹೌದಿಲ್ಲೋ? ಗಟ್ಟಿ ಹಿಡದಿದ್ದೆ. ಅವತ್ತೂ ಹಿಂಗೇ ಹಿಡದಿದ್ದೆ ಬೇ."

ಆ ನಾಲ್ಕು ವರ್ಷ ತಾನು ಒಳಗೊಳಗೇ ಈ ಹೆಂಗಸನ್ನು ಏನೆಂದು ತಿಳಿದಿದ್ದೆ ಎಂಬುದು ನೆನಪಾಗಿ ಗುರುಬಾಯಿಗೆ ನಾಚಿಕೆಯಾಯಿತು. "ನೋಡೇನ್ರಿ ಅತ್ತೀ. ನನ್ನ ತೊಡಿ ಮ್ಯಾಲಿದ್ರೂ ಅವ ಉಳೀತಿರಲಿಲ್ಲ," ಎಂದು ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಮೊಮ್ಮಗನನ್ನು ಮಣ್ಣು ಮಾಡಿದ ದಿನವೂ ಅಳದ ಸುಭದ್ರಾಬಾಯಿ ಸೊಸೆಯ ಭುಜಕ್ಕೆ ಹಣೆಯಿಟ್ಟು ಗೊಳೋ ಎಂದು ಅತ್ತಳು. ಗಂಡಸರಿಬ್ಬರೂ ಗಾಡಿಯಿಂದ ಇಳಿದು ದೂರ ಹೋಗಿ ನಿಂತರು.

ಸಮಾಧಾನವಾದ ಮೇಲೆ ಸುಭದ್ರಾಬಾಯಿಯೇ ಮೂಗು ಒರೆಸಿಕೊಂಡು, "ಈಗ ಆ ಪಟ್ಟಾ ತಗೊಂಬರ್ರಿ, ನೋಡೋಣು," ಎಂದಳು.

ಜೋಳವನ್ನು ಮತ್ತೆ ಚೀಲಕ್ಕೆ ತುಂಬಿ, ಹಿಂದಿನ ಸೀಟಿನ ಬೆನ್ನನ್ನು ಎತ್ತಿ, ಅದರ ಹಿಂದಿನ ಕಬ್ಬಿಣಕ್ಕೆ ಮೊದಲು ತೊಗಲಿನ ಪಟ್ಟಾ ಕಟ್ಟಿದರು. ಬ್ರೇಕ್ ಒತ್ತಿದಾಗ ಚೀಲ ಮುಂದೆ ಮಡಿಚಿಕೊಂಡು ಪಟ್ಟಾದ ಕೆಳಗಿಂದ ಜಾರಿತು. ಶರಫುದ್ದೀನನ ಪಟ್ಟಾ ಹಾಕಿದಾಗ ಮೊದಲ ಸಲ ಪಟ್ಟಿ ಸಡಿಲಾಗಿ ಚೀಲ ಓಲಾಡಿತು. ಸುಭದ್ರಾಬಾಯಿ ತಾನೇ ಬಗ್ಗಿ, ಒಂದು ಬೆರಳಷ್ಟೇ ತೂರುವಂತೆ ಬಿಗಿದಳು. ಈ ಸಲ ಚೀಲ ಕೂತಲ್ಲೇ ಕೂತಿತು.

"ಇದೇ ಇರಲಿ," ಎಂದಳು ಗುರುಬಾಯಿ. ಅತ್ತೆ ತಲೆಯಾಡಿಸಿದಳು.

ಮರುದಿನ ಬೆಳಗ್ಗೆ ಹೊರಟರು. ಪಟ್ಟಾ ಹಾಕಿದ್ದಕ್ಕೆ ನೀಲಾ ಆಳಂದ ಬರುವ ತನಕ ರಂಪ ಮಾಡಿದಳು. ಅವಳ ಅಳು ತಾಳಲಾರದೆ ಜಗದೇವಪ್ಪ, "ಸ್ವಲ್ಪ ಬಿಚ್ಚ್ರಿ ಅತ್ಲಾಗ," ಎಂದ. "ಅಳಲಿ ಬಿಡು, ಅಳಾಕರ ಒಂದು ಕೂಸು ಅದ ನಮಗ," ಎಂದಳು ಸುಭದ್ರಾಬಾಯಿ. ಗುಲಬರ್ಗಾ ದಾಟುವಷ್ಟರಲ್ಲಿ ಕೂಸು ಅಜ್ಜಿಯ ಬೆರಳು ಹಿಡಿದು ನಿದ್ದೆಹೋಗಿತ್ತು. ಭೀಮಾ ನದಿಯ ಸೇತುವೆಯ ಮೇಲೆ ಸುಭದ್ರಾಬಾಯಿ, ಯಾರೂ ಕೇಳದಿದ್ದರೂ, ಚಂದ್ರಶಾನ ಮಾತು ತೆಗೆದಳು. ಅವನು ಮೊಸರನ್ನು 'ಮೊಚ್ಚ' ಅನ್ನುತ್ತಿದ್ದ, ಬೆಕ್ಕಿಗೂ ಕೈ ಮುಗಿಯುತ್ತಿದ್ದ. ಗುರುಬಾಯಿ ನಕ್ಕಳು, ಕಣ್ಣೊರೆಸಿಕೊಂಡಳು, ತನಗೆ ನೆನಪಿದ್ದುದನ್ನೂ ಹೇಳಿದಳು. ಜೇವರ್ಗಿ ಬರುವವರೆಗೂ ಇಬ್ಬರೂ ಮಾತು ನಿಲ್ಲಿಸಲಿಲ್ಲ.

ಗಂಗಾಬಾಯಿ ಎದ್ದು ಓಡಾಡುವಂತಾದ ಮೇಲೆ ಅವರು ಊರಿಗೆ ಮರಳಿದರು. ಪಟ್ಟಾವನ್ನು ಶರಫುದ್ದೀನ ವಾಪಸು ಕೇಳಲಿಲ್ಲ. ಓಣಿಯಲ್ಲಿ ಯಾರೇ ಕೂಸನ್ನು ಕರೆದುಕೊಂಡು ಗಾಡಿಯಲ್ಲಿ ಹೊರಟರೂ ಸುಭದ್ರಾಬಾಯಿ ಅದನ್ನು ಹಿಡಿದು ಹೋಗಿ ನಿಲ್ಲುತ್ತಿದ್ದಳು. ಕೆಲವರು ನಗುತ್ತಿದ್ದರು. ಮೊಮ್ಮಗನನ್ನು ಎತ್ತಿಕೊಂಡು ಗಾಡಿ ಹತ್ತಿದ ಮಲ್ಕಮ್ಮನಂತೂ, "ನನ್ನ ಮೊಮ್ಮಗಗ ನನ್ನ ತೊಡಿ ಸಾಕವ್ವ," ಎಂದುಬಿಟ್ಟಳು. ಸುಭದ್ರಾಬಾಯಿ ಸಿಟ್ಟಾಗಲಿಲ್ಲ.

"ತೊಡಿ ಪ್ರೀತಿಗಿ ಸಾಕು, ಮಲ್ಕಮ್ಮ. ಬ್ರೇಕಿಗಿ ಸಾಲಂಗಿಲ್ಲ," ಎಂದು ತಾನೇ ಗಾಡಿಯೊಳಗೆ ಬಗ್ಗಿ ಪಟ್ಟಿ ಎಳೆದು ಬಿಗಿದಳು.