ಜೋಡಣೆಯ ತುಂಡು

ಶುಕ್ರವಾರ ಕೊಟ್ಟೂರಪ್ಪನವರು ಪಾಠ ಕೇಳಲು ಬರುತ್ತಾರೆ, ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು ಎನ್ನುತ್ತ ನನ್ನ ಮಗಳು ಆದಿಲಕ್ಷ್ಮಿ ಮಗ್ಗದ ಪಕ್ಕ ಕುಳಿತಳು. ಕಲ್ಯಾಣದುರ್ಗದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಅವಳು ಜೀವಶಾಸ್ತ್ರ ಕಲಿಸುತ್ತಿದ್ದಳು. ಕೊಟ್ಟೂರಪ್ಪನವರು ಅದರ ಯಜಮಾನರು. ವಾರವೆಲ್ಲ ಅಲ್ಲಿನ ಹಾಸ್ಟೆಲಿನಲ್ಲಿದ್ದು, ಭಾನುವಾರವೆಂದು ಹಿಂದೂಪುರದ ನಮ್ಮ ಮನೆಗೆ ಬಂದಿದ್ದಳು.

"ಯಾವ ಪಾಠ?"

"ಕಪ್ಪೆ ಮೊಟ್ಟೆ ಕಣಮ್ಮ."

"ಅದ್ರಾಗೇನೈತೆ ಹೇಳೋಕೆ?"

"ಎಲ್ಲಾ ಅದ್ರಾಗೇ ಐತೆ."

ನಾನು ಮಗ್ಗಕ್ಕೆ ಹೊಸ ಹಾಸು, ಎಂದರೆ ಉದ್ದೆಳೆಗಳ ಸುರುಳಿ, ಜೋಡಿಸುತ್ತಿದ್ದೆ. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಹೊಸೆಯಬೇಕು. ಅವಳೂ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯತೊಡಗಿದಳು.

"ಮೊಟ್ಟೆ ಎರಡಾಯ್ತದೆ, ನಾಲ್ಕಾಯ್ತದೆ, ಎಂಟಾಯ್ತದೆ. ಆದ್ರೆ ಮರಿ ತನ್ನ ಜೀನುಗಳ್ನ ಇನ್ನೂ ಮುಟ್ಟಿರಾಕಿಲ್ಲ. ತಾಯಿ ಕಪ್ಪೆ ಒಳಗಿಟ್ಟ ಸರಕಿನಾಗೇ ಎಲ್ಲಾ ನಡೀತದೆ. ಆಮ್ಯಾಕೆ ಒಂದು ಹೊತ್ತಿಗೆ ಮರಿ ಜೀನುಗಳು ಎದ್ದು ಕೆಲಸ ಹಿಡೀತವೆ."

"ಅಲ್ಲಿಗಂಟ ಎಲ್ಲಿರ್ತವೆ ಅವು?"

ಅವಳು ಕೈ ನಿಲ್ಲಿಸಿ ಮಗ್ಗದ ಹಿಂದೆ ನೋಡಿದಳು. "ಈ ಹೊಸ ಹಾಸಿನಂಗೆ. ಸುತ್ಕೊಂಡು ಹಿಂದೆ ಕೂತೈತೆ. ನೇಯ್ತಿರೋದು ಮಾತ್ರ ಹಳೇ ಎಳೇನೇ." ನಕ್ಕುಬಿಟ್ಟಳು. "ಶುಕ್ರವಾರ ಇದನ್ನೇ ಹೇಳ್ತೀನಿ. ನೀನೂ ಬಾ."

"ನಾ ಬಂದು ಏನ್ಮಾಡ್ಲಿ?"

"ಸುಮ್ಕೆ ಕೂತಿರು."

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಚಿಕ್ಕಂದಿನಿಂದ ಯಾರು ಏನು ಕೇಳಿದರೂ ಆದಿ ನನ್ನ ಮುಖ ನೋಡುತ್ತಾಳೆ, ನಾನು ಉತ್ತರ ಕೊಡುತ್ತೇನೆ. ನಮ್ಮಿಬ್ಬರಿಗೂ ಅದೇ ರೂಢಿ.

ಶುಕ್ರವಾರ ರೊಟ್ಟಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟೆ. ಕಟ್ಟಿದ್ದು ಜೋಡಣೆಯ ತುಂಡಿನಲ್ಲಿ, ಹಳೆಯ ಎಳೆಗೆ ಹೊಸ ಎಳೆ ಕೂಡುವ ಜಾಗದಲ್ಲಿ ನೇಯ್ದ ಬಟ್ಟೆಯಲ್ಲಿ. ಗಂಟುಗಳು ಬಿದ್ದ ಆ ಬಟ್ಟೆಯನ್ನು ನಾವು ಮಾರುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ಆದಿ ಹುಟ್ಟಿದಾಗ ಸುತ್ತಿದ್ದೂ ಅಂಥದ್ದರಲ್ಲೇ.

ಆಂಧ್ರದ ಊರಾದ್ದರಿಂದ ಪಾಠ ತೆಲುಗಿನಲ್ಲಿ ನಡೆಯಿತು. ಆದಿ ಮಗ್ಗದ ಚಿತ್ರ ಬರೆದು, ಹಳೆಯ ಎಳೆ, ಹೊಸ ಎಳೆ ತೋರಿಸಿದಳು. ಹುಡುಗಿಯರು ತಲೆದೂಗಿದರು. ನನ್ನ ಹಾಗೆ ಹಿಂದಿನ ಬೆಂಚಿನಲ್ಲಿದ್ದ ಕೊಟ್ಟೂರಪ್ಪನವರು ಮಾತ್ರ ಕನ್ನಡದಲ್ಲಿ ಕೇಳಿದರು:

"ಅಲ್ಲಮ್ಮ, ಮಗ್ಗದ ಮುಂದೆ ನೇಯೋರು ಕೂತಿರ್ತಾರೆ. ಮೊಟ್ಟೆಯೊಳಗೆ ಯಾರು ಕೂತವ್ರೆ? ಈಗ ಏಳ್ರಪ್ಪ ಅಂತ ಜೀನಿಗೆ ಹೇಳೋರು ಯಾರು?"

ಆದಿ ನನ್ನ ಮುಖ ನೋಡಿದಳು.

ದೇವರು ಕಣಪ್ಪ, ಇನ್ಯಾರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ. ಆಮೇಲೆ ಅವಳ ಹೆಜ್ಜೆ ನನ್ನ ಹತ್ತಿರ ಬಂತು. ಬುತ್ತಿ ಬಿಚ್ಚಿ ರೊಟ್ಟಿಯನ್ನು ನನ್ನ ಮಡಿಲಿಗೆ ಹಾಕಿ, ಆ ಜೋಡಣೆಯ ತುಂಡನ್ನು ಕೊಡವಿ ತೆಗೆದುಕೊಂಡು ಹೋದಳು.

"ಯಾರೂ ಕೂತಿಲ್ಲ ಸಾರ್. ಮಗ್ಗದ ಹೋಲಿಕೆ ಇಲ್ಲಿಗೆ ಸಾಲದು." ಅವಳ ದನಿ ಗಟ್ಟಿಯಾಗಿತ್ತು. ಒಬ್ಬ ಹುಡುಗಿಯನ್ನು ಕರೆದು ಬಟ್ಟೆ ಹೊದಿಸಿದಳು. "ಇವಳು ಜೀನು. ತಾಯಿ ಊಟದ ಜೊತೆ ಒಂದು ತಡೆನೂ ಇಟ್ಟಿರ್ತಾಳೆ ಅಂತ ವಿಜ್ಞಾನಿಗಳು ಅಂದ್ಕೊಂಡವ್ರೆ. ಅದೇ ಈ ಬಟ್ಟೆ. ಹೊದ್ದಿರೋಗಂಟ ಮಾತಾಡಂಗಿಲ್ಲ. ಹೊರಗೆ ಬಿದ್ದೋರು ಹೆಸರು ಹೇಳಿ." ಹುಡುಗಿಯರಿಗೆ ಅದನ್ನೇ ತೆಲುಗಿನಲ್ಲೂ ಹೇಳಿದಳು.

ಬಟ್ಟೆಯಡಿ ಹುಡುಗಿಯರು ಇಬ್ಬರಾದರು, ನಾಲ್ವರಾದರು. ಒತ್ತಿಕೊಂಡು ನಿಂತರೂ ಬಟ್ಟೆ ಸಾಕಾಗಿತ್ತು. ಎಂಟು ಜನ ಆದಾಗ ಅಂಚಿನಲ್ಲಿದ್ದ ಒಬ್ಬಳು ಹೊರಗೆ ಉಳಿದಳು. "ಓಬಮ್ಮ!" ಎಂದಳು. ಇನ್ನಷ್ಟು ಜನ ನುಗ್ಗಿದ್ದೇ ತಡ, ಎಲ್ಲ ಕಡೆಯಿಂದಲೂ ಹೆಸರು ಕೂಗುವುದೇ ಆಯಿತು.

"ಮೊಟ್ಟೆ ದಪ್ಪ ಆಗಾಕಿಲ್ಲ ಸಾರ್, ತಡೆ ಇದ್ದಷ್ಟೇ ಐತೆ. ಜೀನು ಮಾತ್ರ ಪ್ರತಿ ಸಲಾನೂ ಎರಡರಷ್ಟು. ಹಂಚಿ ಹಂಚಿ ತಡೆ ಸಾಲದಾಗ ಅವೇ ಏಳ್ತವೆ."

ಕೊಟ್ಟೂರಪ್ಪನವರು ಗದ್ದಲ ನಿಲ್ಲುವವರೆಗೂ ನಕ್ಕರು. "ಬಟ್ಟೆ ಹರ್ದೀರಾ ಕಣ್ರಮ್ಮ! ಕೊಡಿ ಅವರಮ್ಮಂಗೆ." ಹೊರಗೆ ಬಂದು ನನ್ನತ್ತ ತಿರುಗಿದರು. "ಕೆಲಸ ಕಾಯಂ ಮಾಡ್ತೀನಿ. ಆದ್ರೆ ವಾರವಾರ ಊರಿಗೆ ಓಡೋದು ಬ್ಯಾಡ, ಇಲ್ಲೇ ಒಂದು ರೂಮು ಹಿಡೀಲಿ. ಏನಂತೀರಾ ಬನಶಂಕರಮ್ಮ? ಇರ್ತಾಳಾ ಮಗಳು?"

ನಾನು ಬಟ್ಟೆಯಲ್ಲಿ ಮತ್ತೆ ರೊಟ್ಟಿ ಕಟ್ಟುತ್ತಿದ್ದೆ.

"ಅವಳು ಇಲ್ಲೇ ನಿಂತವ್ಳಲ್ಲಪ್ಪ," ಎಂದೆ. "ಅವಳ್ನೇ ಕೇಳಿ."

ಆದಿ ಈ ಸಲ ನನ್ನ ಮುಖ ನೋಡಲಿಲ್ಲ.

"ಇರ್ತೀನಿ ಸಾರ್," ಎಂದಳು.